ಮೂರನೇ ತೂಬಿನ ಹತ್ತಿರ ನಿಂತ ಕಾಲು

ನಮ್ಮ ಊರು ಕಂಪ್ಲಿ ಹತ್ತಿರ, ಕಾಲುವೆಯ ಬಗಲಿಗೇ ಇದೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುವವರು ನೀರಗಂಟಿ ಅಂದಾನಪ್ಪಣ್ಣ. ಮೊದಲ ತೂಬಿನಿಂದ ಹನ್ನೊಂದನೇ ತೂಬಿನವರೆಗೆ ದಿನಾ ನಡೆದು ಹೋಗಿ ಬರುವ ಮನುಷ್ಯ. 2007ರ ಭತ್ತದ ನಾಟಿಯ ಹೊತ್ತಿಗೆ ಅವರು ಮೂರನೇ ತೂಬಿನ ಹತ್ತಿರವೇ ನಿಲ್ಲತೊಡಗಿದರು. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಬಿಡುತ್ತಿತ್ತು. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತಿತ್ತು.

ನಾನು ಗಂಗಾಂಬಿಕಾ, ಊರಿನ ಆರೋಗ್ಯ ಉಪಕೇಂದ್ರದ ನರ್ಸ್. ಅವರು ಬಂದು ಹೇಳಿದಾಗ ನಾನೇನು ಮಾಡಿದೆ? "ವಯಸ್ಸಾತಲ್ರಿ ಅಣ್ಣಾರ" ಎಂದು ನೋವಿನ ಮುಲಾಮು ಕೊಟ್ಟು ಕಳಿಸಿದೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ ಎಂದು ಗೊತ್ತಿದ್ದೂ ಪಾದ ಮುಟ್ಟಿ ನೋಡಲಿಲ್ಲ. ಆ ತಪ್ಪು ನನ್ನದು, ಮೊದಲೇ ಹೇಳಿಬಿಡುತ್ತೇನೆ.

ಆಮೇಲೆ ಪಾದ ತಣ್ಣಗಾಗತೊಡಗಿತು. ನಮ್ಮ ಊರಲ್ಲಿ ಎಲ್ಲರೂ ವೈದ್ಯರೇ. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಅವರ ತಮ್ಮ ಹಾಲಸ್ವಾಮಿ ಇನ್ನೂ ದೊಡ್ಡ ವೈದ್ಯ.

"ಮೂವತ್ತು ವರ್ಷ ಕಾಲುವಿ ನೀರಾಗ ನಿಂತೀದಿ, ತಣ್ಣಗಾಗದ ಏನಾದೀತಣ್ಣ? ಕಾವು ಕೊಡೋಣ ಬಾ" ಎಂದು ಗಿರಣಿಯ ಹಿಂದಕ್ಕೆ ಕರೆದೊಯ್ದ. ಅಲ್ಲಿ ಭತ್ತದ ಹೊಟ್ಟು ಸುಟ್ಟ ಬಿಸಿ ಬೂದಿಯ ಗುಡ್ಡೆ. ಅಂದಾನಪ್ಪಣ್ಣ ಮೂರು ದಿನ ಅದರಲ್ಲಿ ಕಾಲು ಹೂತುಕೊಂಡು ಕೂತರು. ಸಕ್ಕರೆ ಕಾಯಿಲೆಯಿಂದ ಪಾದದ ಚರ್ಮ ಜೋಮುಗಟ್ಟಿತ್ತು, ಸುಟ್ಟದ್ದು ತಿಳಿಯಲಿಲ್ಲ. ಕಿರುಬೆರಳು ಬೊಬ್ಬೆ ಎದ್ದು, ಒಡೆದು, ಕಪ್ಪಾಯಿತು. ಹದಿನೈದು ದಿನವಾದರೂ ಗಾಯ ಮಾಯಲಿಲ್ಲ. ಮಲಗಿದರೆ ಕಾಲಿನೊಳಗೆ ನೋವು, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯಿ.

ಅವರ ಹೆಂಡತಿ ಪಂಪಕ್ಕ ನನ್ನನ್ನು ಕರೆಸಿದರು. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದೆ. ಸಿಗಲಿಲ್ಲ. ಪಾದಕ್ಕೆ ರಕ್ತವೇ ಸರಿಯಾಗಿ ಹರಿಯುತ್ತಿರಲಿಲ್ಲ.

ಮರುದಿನವೇ ಹೊಸಪೇಟೆಗೆ ಹೊರಟೆವು. ಊರ ಹೊರಗೆ ಅದಿರಿನ ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಬಿದ್ದು, ಕೆಂಪು ಧೂಳು ತಿನ್ನುತ್ತ ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಡಾಕ್ಟರು ಕೈಗೂ ಕಾಲಿಗೂ ಬಿ.ಪಿ. ಪಟ್ಟಿ ಕಟ್ಟಿ ನೋಡಿದರು; ಕಾಲಿನದು ಕೈಗಿಂತ ಬಹಳ ಕಡಿಮೆ ಇತ್ತು. "ಕಾಲಿನ ರಕ್ತನಾಳ ಕಟ್ಟಿಕೊಂಡಿದೆ. ತಡ ಮಾಡಿದರೆ ಕಾಲೇ ಹೋದೀತು. ಹುಬ್ಬಳ್ಳಿಗೆ ಹೋಗಿ ಬಲೂನ್ ಚಿಕಿತ್ಸೆ ಮಾಡಿಸಿ" ಎಂದು ಚೀಟಿ ಬರೆದುಕೊಟ್ಟರು.

ಬಲೂನು! ಊರಿಗೆ ಮರಳಿದ ಮೇಲೆ ಆ ಒಂದು ಮಾತು ಮನೆಯವರ ತಲೆ ಕೆಡಿಸಿತು.

"ಯಶವಂತನಗರದ ಲಾರಿ ಡ್ರೈವರ್ ತಿಪ್ಪೇಶಗ ಬಲೂನ್ ಹಾಕಿದ್ರು, ಈಗ ಮಸ್ತ್ ಅದಾನ" ಎಂದ ಹಾಲಸ್ವಾಮಿ. "ದರೋಜಿ ಮೂಕಣ್ಣಗೂ ಹಾಕಿದ್ರು, ಆದ್ರೂ ಕಾಲು ತೆಗೆದ್ರು. ಇದರಾಗ ಯಾವುದು ಖರೇ, ಯಾವುದು ಸುಳ್ಳು?"

"ಎರಡೂ ಖರೇ" ಎಂದೆ. "ತಿಪ್ಪೇಶ ಜಲ್ದಿ ಹೋದ. ಮೂಕಣ್ಣ ಪಾದ ಪೂರಾ ಕಪ್ಪಾದ ಮ್ಯಾಲೆ ಹೋದ."

ಅಂದಾನಪ್ಪಣ್ಣನ ಚಿಂತೆಯೇ ಬೇರೆ. "ಆ ಬಲೂನ್ ಕಾಲಾಗ ಹಂಗೇ ಇರತೈತೇನ್ರಿ? ನಡೆಯೋವಾಗ ಒಡೆದ್ರ?"

"ಇರಂಗಿಲ್ಲ ಅಣ್ಣಾರ. ತೊಡಿ ಸಂದಿನಾಗ ಚುಚ್ಚಿ ರಕ್ತನಾಳದಾಗ ಸಣ್ಣ ನಳಿಗಿ ಬಿಡ್ತಾರ. ಅದರ ತುದಿಗೆ ಬಲೂನ್ ಇರತೈತಿ. ಕಟ್ಟಿದ ಜಾಗದಾಗ ಉಬ್ಬಿಸಿ, ದಾರಿ ಅಗಲ ಮಾಡಿ, ಹೊರಗ ತೆಗೀತಾರ."

"ಒಳಗಿನ ಹೂಳು?"

"ಅದನ್ನ ಬದಿಗೆ ಒತ್ತತಾರ."

"ಹಂಗಾದ್ರ ಮತ್ತ ಕಟ್ಟತೈತಿ."

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಹೌದ್ರಿ. ಭಾಳ ಮಂದಿಗೆ ಒಂದೆರಡು ವರ್ಷದಾಗ ಮತ್ತ ಕಿರಿದಾಗತೈತಿ. ಕೆಲವರಿಗೆ ಆಗಂಗಿಲ್ಲ."

"ಮತ್ತ ಕಟ್ಟೋದಕ್ಕ ಇಷ್ಟು ಗದ್ದಲ ಯಾಕ? ಬ್ಯಾಡ ಬಿಡ್ರಿ" ಎಂದು ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಮಾತಿನಲ್ಲಿ ತಪ್ಪೇನಿತ್ತು?

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಪಂಪಕ್ಕನ ಕೈ ನಿಂತಿತು. "ವರ್ಷಾ ಬ್ಯಾಸಿಗ್ಯಾಗ ಕಾಲುವಿ ಹೂಳು ತೆಗಸ್ತೀರಿ. ವರ್ಷಾ ಮತ್ತ ತುಂಬತೈತಿ. ಹೆಂಗೂ ತುಂಬತೈತಲ್ಲ, ಇರಲಿ ಬಿಡು ಅಂತ ಒಂದು ವರ್ಷನಾದ್ರೂ ಬಿಟ್ಟೀರೇನು? ಮಂದಿ ಗದ್ದಿ ಮ್ಯಾಲಿರೋ ಕಾಳಜಿ ನಿಮ್ಮ ಜೀವದ ಮ್ಯಾಲೆ ಇಲ್ಲೇನ್ರಿ?"

ಅಂದಾನಪ್ಪಣ್ಣ ಗೋಡೆಯಿಂದ ಈ ಕಡೆ ಹೊರಳಿದರು. ಆಮೇಲೆ, "ಹುಬ್ಬಳ್ಳಿ ರೈಲು ಎಷ್ಟೊತ್ತಿಗೈತಿ?" ಎಂದರು.

ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಆಯಿತು. ಪಾದ ಬೆಚ್ಚಗಾಯಿತು. ಆದರೆ ಸತ್ತ ಕಿರುಬೆರಳನ್ನು ತೆಗೆಯಲೇಬೇಕಾಯಿತು. "ನೀರು ಬಿಟ್ರೂ ಒಣಗಿದ ಸಸಿ ಚಿಗುರಂಗಿಲ್ಲ" ಎಂದು ಅವರೇ ನಮಗೆ ಸಮಾಧಾನ ಹೇಳಿದರು.

ಮನೆಗೆ ಬಂದು ನಾಲ್ಕು ದಿನವಾಗಿರಲಿಲ್ಲ, ಹಾಲಸ್ವಾಮಿ ಓಡಿ ಬಂದ. "ನರ್ಸಮ್ಮಾರ, ಬಲೂನ್ ಒಳಗ ಬಿಟ್ಟಾರ್ರೀ! ಕಾಲು ಉಬ್ಬೈತಿ!"

ಹೋಗಿ ನೋಡಿದರೆ ಪಾದ ನಿಜವಾಗಿಯೂ ಊದಿತ್ತು. ನಾನೂ ಹೆದರಿದೆ. ಅಂದೇ ಹೊಸಪೇಟೆಗೆ ಕರೆದೊಯ್ದೆವು. ಡಾಕ್ಟರು ಪರೀಕ್ಷೆ ಮಾಡಿ, "ಬಹಳ ದಿನ ರಕ್ತ ಕಾಣದ ಕಾಲಿಗೆ ಒಮ್ಮೆಲೇ ರಕ್ತ ಹರಿದರೆ ಹೀಗೆ ಬಾವು ಬರುವುದುಂಟು. ಆದರೆ ಬೇರೆ ಕಾರಣವೂ ಇರಬಹುದಿತ್ತು, ತೋರಿಸಿದ್ದು ಒಳ್ಳೆಯದಾಯಿತು" ಎಂದರು. ಬಾವು ಮೆಲ್ಲಗೆ ಇಳಿಯಿತು. ಎರಡು ತಿಂಗಳಲ್ಲಿ ಗಾಯ ಮಾಯಿತು. ಯುಗಾದಿ ಹೊತ್ತಿಗೆ ಅಂದಾನಪ್ಪಣ್ಣ ಹನ್ನೊಂದನೇ ತೂಬು ಮುಟ್ಟಿ ಬಂದರು. ಆ ದಿನ ಪಂಪಕ್ಕ ಓಣಿಗೆಲ್ಲ ಹೋಳಿಗೆ ಹಂಚಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಕಾಲು ನೆಟ್ಟಗಾದ ಮೇಲೆ ಹುಬ್ಬಳ್ಳಿಯಲ್ಲಿ ಬರೆದುಕೊಟ್ಟ ಮಾತ್ರೆ ಬೇಸರವಾಯಿತು, ಅಲ್ಲಿ ಬಿಟ್ಟಿದ್ದ ಬೀಡಿ ಮತ್ತೆ ಕಿವಿಯ ಮೇಲೆ ಬಂದು ಕೂತಿತು. ಮುಂದಿನ ನಾಟಿಯ ಹೊತ್ತಿಗೆ ಅವರೇ ಉಪಕೇಂದ್ರದ ಬಾಗಿಲಿಗೆ ಬಂದರು, ಹಿಂದೆ ಹಾಲಸ್ವಾಮಿ.

"ನರ್ಸಮ್ಮಾರ, ಇವತ್ತು ಏಳನೇ ತೂಬಿನ ಹತ್ರ ನಿಂತೆ."

"ಏಳು ಅಂದ್ರ ಚಲೋನ ಆತಲ್ಲಣ್ಣ" ಎಂದ ಹಾಲಸ್ವಾಮಿ. "ಹೋದ ವರ್ಷ ಮೂರಕ್ಕ ನಿಲ್ತಿದ್ದಿ."

ಅಂದಾನಪ್ಪಣ್ಣ ತಮ್ಮನ ಕಡೆ ತಿರುಗಿದರು. "ಲೇ, ಹನ್ನೊಂದಕ್ಕ ಮುಟ್ಟೋ ನೀರು ಏಳಕ್ಕ ನಿಂತ್ರ, ಮೂರಕ್ಕ ಬರೋತನಕ ನಾನು ಕಾಯ್ತೀನೇನಲೇ?" ಎಂದು ಜೇಬಿನ ಬೀಡಿ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು.

ಹೊಸಪೇಟೆಯ ಡಾಕ್ಟರು ನೋಡಿದರು. ನಾಳ ಸ್ವಲ್ಪ ಕಿರಿದಾಗಿತ್ತು, ಬೇಗ ಬಂದದ್ದರಿಂದ ಸದ್ಯಕ್ಕೆ ಎರಡನೇ ಬಲೂನ್ ಬೇಕಾಗಲಿಲ್ಲ. ಬೀಡಿ ಪೂರ್ತಿ ಬಂದ್. ಮಾತ್ರೆ ತಪ್ಪಿಸುವಂತಿಲ್ಲ. ಸಕ್ಕರೆ ಹತೋಟಿಯಲ್ಲಿರಬೇಕು. ದಿನಾ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯಬೇಕು. ಈಗ ಅವರು ಹತ್ತನೇ ತೂಬು ದಾಟುತ್ತಾರೆ. ಹನ್ನೊಂದು ಯಾವಾಗ ಎಂದು ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಎರಡು ಕಾಲಿನ ಮೇಲೆ ನಡೆಯುತ್ತಿದ್ದಾರೆ, ಅದು ಗೊತ್ತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಡೆಯುವಾಗ ನೀವು ಎಲ್ಲಿ ನಿಲ್ಲುತ್ತೀರಿ? ಬಸ್ ಸ್ಟ್ಯಾಂಡಿನ ಮೂಲೆಯಲ್ಲೋ, ಗುಡಿಯ ಕಟ್ಟೆಯ ಹತ್ತಿರವೋ? ದಿನಾ ಅಲ್ಲೇ ಮೀನಖಂಡ ಹಿಡಿದರೆ, ಪಾದ ತಣ್ಣಗಿದ್ದರೆ, ಗಾಯ ಮಾಯದಿದ್ದರೆ ಬೂದಿ, ಬಿಸಿ ಇಟ್ಟಿಗೆ ಏನೂ ಬೇಡ. ವಯಸ್ಸಾಯಿತು ಎಂದು ಸುಮ್ಮನಿರಲೂ ಬೇಡಿ. ನೇರ ಆಸ್ಪತ್ರೆಗೆ ಬನ್ನಿ. ನಾನಂತೂ ಇನ್ನು ಮುಲಾಮು ಕೊಟ್ಟು ಕಳಿಸುವುದಿಲ್ಲ. ಮೊದಲು ನಿಮ್ಮ ಪಾದ ಮುಟ್ಟಿ ನೋಡುತ್ತೇನೆ.