ಮೈಲೋನ ಮುಖ

“ಇದು ನಮ್ಮ ಮೈಲೋ ಅಲ್ಲ.”

ಬರ್ನೀಸ್ ವುಕೋವಿಚ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿ, ಅಡುಗೆಮನೆಯ ಮೇಜಿನ ಮೇಲಿಟ್ಟರು. ಎದುರಿಗೆ ಆರಿನ್ ಹ್ಯಾಡ್ಲಿ ತನ್ನ ಆಲ್ಬಮ್ ತೆರೆದಿಟ್ಟುಕೊಂಡು ಕೂತಿದ್ದ. ಎಪ್ಪತ್ತು ವರ್ಷದ ಹಿಂದೆ ಒಹಾಯೊದ ಈ ಮೂಲೆಯ ಬೇಕರಿಯೊಂದು ಬ್ರೆಡ್ಡಿನ ಪೊಟ್ಟಣದಲ್ಲಿ ಹಾಕಿ ಕೊಡುತ್ತಿದ್ದ ಕಾರ್ಡುಗಳು ಇವು. ಊರಿನ ಬೇಸ್‌ಬಾಲ್ ತಂಡದ ಇಪ್ಪತ್ತು ಆಟಗಾರರು, ಇಪ್ಪತ್ತು ಚಿತ್ರ. ನದಿ ದಾಟಿದರೆ ಇವುಗಳ ಸುದ್ದಿ ಗೊತ್ತಿದ್ದವರಿಲ್ಲ. ಅಷ್ಟನ್ನೂ ಕೂಡಿಸಲು ಆರಿನ್‌ಗೆ ಇಪ್ಪತ್ತಾರು ವರ್ಷ ಹಿಡಿದಿತ್ತು. ಆ ತಂಡಕ್ಕೆ ಚೆಂಡೆಸೆಯುತ್ತಿದ್ದ ಪಿಚರ್ ಮೈಲೋನ ಹೆಂಡತಿ ಬರ್ನೀಸ್ ಇನ್ನೂ ಬದುಕಿದ್ದಾರೆಂದು ತಿಳಿದು, ಆಲ್ಬಮ್ ತೋರಿಸಲು ಬಂದಿದ್ದ.

“ಹೆಸರು ಅವರದ್ದೇ ಇದೆಯಲ್ಲಮ್ಮ?”

“ಹೆಸರೇನೋ ಅವರದ್ದೇ. ಮುಖ ಕ್ಲೈಡ್ ರಾಮ್ಸೀದು. ಬೇಕರಿಯೋರು ಅದಲುಬದಲು ಮಾಡ್ಬಿಟ್ರು. ‘ಹೋಗ್ಲಿ ಬಿಡೇ, ಕ್ಲೈಡ್ ನನಗಿಂತ ಚೆನ್ನಾಗಿದಾನೆ’ ಅಂತ ಇವರು ನಕ್ಕರು. ನಕ್ಕು ಆ ಕಾರ್ಡನ್ನ ಒಲೆಗೆ ಹಾಕಿದ್ರು.”

“ಹಾಗಾದ್ರೆ ಕ್ಲೈಡ್ ಕಾರ್ಡಲ್ಲಿ...”

“ಇವರಿರಬೇಕು. ಆ ಬೇಸಿಗೆಯೆಲ್ಲಾ ಬ್ರೆಡ್ ತಿಂದೂ ತಿಂದೂ ನನಗೆ ಸಾಕಾಗಿತ್ತು ಕಣಪ್ಪ. ಅದೊಂದು ಬರಲೇ ಇಲ್ಲ. ಮುಂದಿನ ವರ್ಷ ಇವರ ಭುಜ ಹೋಯ್ತು, ಟೈರ್ ಕಾರ್ಖಾನೆ ಸೇರಿದ್ರು. ಇದ್ದ ಫೋಟೋಗಳನ್ನ ನೆರೆ ಬಂದಾಗ ನದಿ ತಗೊಂಡು ಹೋಯ್ತು. ತಂಡದ ಅಂಗಿ ಹಾಕ್ಕೊಂಡಿದ್ದ ಇವರ ಮುಖ ಈಗ ಸರಿಯಾಗಿ ನೆನಪಿಗೇ ಬರಲ್ಲ.”

ಆರಿನ್ ಆಲ್ಬಮ್ಮಿನ ಕೊನೆಯ ಪುಟ ತೆರೆದ. ಕ್ಲೈಡ್ ರಾಮ್ಸೀ ಕಾರ್ಡು ಅವನಿಗೆ ಸಿಕ್ಕಿ ಇನ್ನೂ ವಾರವಾಗಿರಲಿಲ್ಲ. ಅದರ ಇನ್ನೊಂದು ಪ್ರತಿಯನ್ನು ಅವನಿಗೆ ಗೊತ್ತಿದ್ದ ಯಾರೂ ಕಂಡಿರಲಿಲ್ಲ. ಪ್ಲಾಸ್ಟಿಕ್ ಹೊದಿಕೆಯಿಂದ ಅದನ್ನು ಮೆಲ್ಲಗೆ ಜಾರಿಸಿ ಆಕೆಯ ಮುಂದಿಟ್ಟ. ಸಣಕಲು ಹುಡುಗನೊಬ್ಬ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ.

ಬರ್ನೀಸ್ ಕಾರ್ಡಿನ ಮೇಲೆ ಬಗ್ಗಿದರು.

“ಕಿವಿ ನೋಡು, ಜಗ್ಗಿನ ಹಿಡಿ ಇದ್ದ ಹಾಗಿವೆ,” ಎಂದರು.

“ನಿಮ್ಮ ಹತ್ರಾನೇ ಇರಲಿ.” ಮನಸ್ಸು ಒಪ್ಪುವ ಮೊದಲೇ ಬಾಯಿ ಆಡಿಬಿಟ್ಟಿತ್ತು.

“ನಿನ್ನ ಸೆಟ್ಟು ಮುರಿಯುತ್ತಲ್ಲೋ?”

“ಮುರಿಯುತ್ತೆ,” ಎಂದ ಆರಿನ್. ಸುಳ್ಳು ಹೇಳಲು ಅವನಿಗಾಗಲಿಲ್ಲ. ಆದರೆ ಕಾರ್ಡನ್ನು ಮರಳಿ ತೆಗೆದುಕೊಳ್ಳಲು ಕೈಯನ್ನೂ ಮುಂದೆ ಚಾಚಲಿಲ್ಲ.

ಆಕೆ ಕಾರ್ಡನ್ನು ಹತ್ತಿರಕ್ಕೆ ಎಳೆದುಕೊಂಡರು. ಕೆಳಗೆ ಅಚ್ಚಾಗಿದ್ದ ಕ್ಲೈಡನ ಹೆಸರಿನ ಮೇಲೆ ಹೆಬ್ಬೆರಳು ಅಡ್ಡ ಇಟ್ಟು, ನೋಡುತ್ತಾ ಕೂತರು.