ಮೆಣಸಿನಕಾಯಿ ಕಣದಲ್ಲಿ ತೆಗೆದ ಫೋಟೋ

"ಮಾರಿ ಹೊಂದವಲ್ದು ಚಾಚಿ," ಎನ್ನುತ್ತ ಪಡಿತರ ಅಂಗಡಿಯ ಸಿದ್ಧಾರೂಢ ಮುಖ ಗುರುತಿಸುವ ಹೊಸ ಯಂತ್ರವನ್ನು ಮತ್ತೊಮ್ಮೆ ರಹೀಮಾಬಿಯ ಮುಖಕ್ಕೆ ಹಿಡಿದ. ಮೂರನೇ ಸಲವೂ ಕೆಂಪು ಗೆರೆಯೇ. ಕೆಳಗೆ ಒಂದು ಸಾಲು ಬೇರೆ: ಇನ್ನೊಬ್ಬರ ಕಾರ್ಡಿನಲ್ಲಿ ಧಾನ್ಯ ಪಡೆಯುವ ಯತ್ನ, ಕಾರ್ಡು ತಡೆಹಿಡಿಯಲಾಗಿದೆ. ಸಿದ್ಧಾರೂಢನ ಬಾಯಿ ಸುಮ್ಮನಿರುವ ಜಾತಿಯದಲ್ಲ, ಗಟ್ಟಿಯಾಗಿ ಓದಿಯೇಬಿಟ್ಟ. ಸಾಲಿನಲ್ಲಿದ್ದ ಯಾರೋ, "ಹಂಗಾರ ಇಷ್ಟ ದಿನ ಯಾರ ಅಕ್ಕಿ ಒಯ್ದಾಳೋ ಏನೋ," ಎಂದು ನಕ್ಕರು. ನಲವತ್ತು ವರ್ಷ ಆ ಊರಿನ ಹೊಲಗಳಲ್ಲಿ ದುಡಿದ ಹೆಂಗಸು ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ತಲೆ ತಗ್ಗಿಸಿ ನಡೆದಳು.

ಸಾಲಿನಲ್ಲಿ ಅವಳ ಹಿಂದೆಯೇ ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ದಾನೇಶ್ವರಿ ನಿಂತಿದ್ದಳು. ಯಂತ್ರಕ್ಕೆ ಆ ಮುಖವನ್ನು ಕೊಟ್ಟವಳೇ ಅವಳು.

ಯಂತ್ರಕ್ಕೆ ಹಾಕುವ ಕಾರ್ಡುದಾರರ ಫೋಟೋಗಳನ್ನು ಪಂಚಾಯಿತಿಯಲ್ಲಿ, ಬಿಳಿ ಗೋಡೆಯ ಮುಂದೆ, ಒಬ್ಬೊಬ್ಬರನ್ನೇ ಕೂಡಿಸಿ ತೆಗೆಯಬೇಕೆಂದು ಆದೇಶವಿತ್ತು. ಆದರೆ ಆಗ ಮೆಣಸಿನಕಾಯಿ ಸುಗ್ಗಿ. ಕೂಲಿ ಬಿಟ್ಟು ಯಾರು ಬಂದಾರು? ಈ ಜಾಣೆ ಮೊಬೈಲು ಹಿಡಿದು ಕಣಕ್ಕೇ ಹೋದಳು. ಇಪ್ಪತ್ತೆರಡು ಹೆಂಗಸರು ಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. ಘಾಟಿಗೆ ಕಣ್ಣು ಬಾತು, ಮೂಗು ಕೆಂಪಾಗಿ, ಹೆತ್ತ ಮಕ್ಕಳಿಗೂ ಗುರುತು ಸಿಗದ ಹಾಗಿದ್ದರು. ಸೀನುಗಳ ನಡುವೆಯೇ ಟಕಟಕ ಫೋಟೋ ಹೊಡೆದಳು. ತಾಲೂಕಿಗೇ ಮೊದಲು ಮುಗಿಸಿದಳೆಂದು ಶಾಬಾಸ್‌ಗಿರಿಯೂ ಸಿಕ್ಕಿತು. ಉಳಿದವರನ್ನು ಯಂತ್ರ ಸತಾಯಿಸಿ ಸತಾಯಿಸಿ ಒಪ್ಪಿಕೊಂಡಿತ್ತು, ರಹೀಮಾಬಿಯನ್ನು ಮಾತ್ರ ಒಪ್ಪಲಿಲ್ಲ.

ಅಂಗಡಿಯಲ್ಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಗಂಟಲಿನವರೆಗೆ ಬಂದದ್ದನ್ನು, ಗುತ್ತಿಗೆಯ ನೌಕರಿ ನೆನಪಾಗಿ ನುಂಗಿಕೊಂಡಳು. ಅಂದಿನಿಂದ ಊಟ ರುಚಿಸದು, ನಿದ್ದೆ ಹತ್ತದು. ರಹೀಮಾಬಿಯ ಓಣಿ ತಪ್ಪಿಸಿ ಸುತ್ತು ಹಾಕಿ ಹೋಗುವಳು. ನಾಚಿಕೆಗೇಡಿ ನಾನು ಎಂದು ತನ್ನನ್ನೇ ಬೈದುಕೊಳ್ಳುವಳು, ಬೈದುಕೊಂಡು ಮತ್ತೆ ಸುಮ್ಮನಾಗುವಳು.

ಹದಿನೈದು ದಿನಕ್ಕೆ ತಾಲೂಕಿನ ಸಾಹೇಬರು ಪಂಚಾಯಿತಿಗೆ ವಿಚಾರಣೆಗೆ ಬಂದರು. "ಮಷೀನ್ ಸುಳ್ಳ ಹೇಳೂದಿಲ್ಲಮ್ಮ. ತಪ್ಪಾತು ಅಂತ ಹೆಬ್ಬಟ್ಟ ಒತ್ರಿ, ಕೇಸ್ ಮಾಡೂದಿಲ್ಲ," ಎಂದರು.

ರಹೀಮಾಬಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದು ಹೇಳತೈತಿ ಅಂದ್ರ ನಂದ ಏನರ ತಪ್ಪಿರಬೇಕ್ರಿ. ವಯಸ್ಸಾತು, ಮಾರಿ ಕೆಟ್ಟೈತಿ. ದಾನವ್ವಾ, ಆ ಶಾಯಿ ಡಬ್ಬಿ ಇತ್ತಾಗ ಕೊಡವಾ."

ಡಬ್ಬಿ ದಾನೇಶ್ವರಿಯ ಕೈಯಲ್ಲೇ ಇತ್ತು. ಕೈ ಮುಂದೆ ಹೋಗಲಿಲ್ಲ.

"ಒತ್ತಬ್ಯಾಡ್ರಿ ಚಾಚಿ. ಸಾಹೇಬ್ರ, ಫೋಟೋ ತಗದಾಕಿ ನಾನು. ಕಣದಾಗ, ಘಾಟಿನ್ಯಾಗ ತಗದೇನಿ. ಯಾರ ಮಾರಿನೂ ನೆಟ್ಟಗಿಲ್ಲ ಅದರಾಗ. ಎದುರಿಗೆ ಖುದ್ದ ಚಾಚಿ ಕುಂತಾರ, ಅವರ್ನ ಊರಿಗೆ ಊರ ಗುರುತಾ ಹಿಡಿತೈತಿ. ಊರವರನ್ನ ಒಂದ ಮಾತ ಕೇಳಬಾರದೇನ್ರಿ?"

"ಹಿಂಗ ಬರದ್ರ ನಿಮ್ಮ ನೌಕರಿ ಹೋಗತೈತಿ."

"ಗೊತ್ತೈತ್ರಿ. ಬರಕೋರಿ."

ಸಾಹೇಬರು ಪೆನ್ನು ತೆಗೆದರು. ದಾನೇಶ್ವರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಚಾಚಿಯ ಕಡೆ ತಿರುಗಿದಳು. ರಹೀಮಾಬಿ ಅವಳನ್ನೇ ನೋಡುತ್ತಿದ್ದಳು.

"ಆವತ್ತ ಅಂಗಡ್ಯಾಗ ನನ್ನ ಹಿಂದನ ನಿಂತಿದ್ದಿ. ಅವಾಗೂ ಗೊತ್ತಿತ್ತೇನವಾ?"

"ಗೊತ್ತಿತ್ರಿ."

ರಹೀಮಾಬಿ ಗೋಡೆ ಹಿಡಿದು ಮೆಲ್ಲಗೆ ಎದ್ದಳು.

"ಮಷೀನಿಗೆ ನನ್ನ ಗುರುತಾ ಸಿಗಲಿಲ್ಲ, ಹೋಗಲಿ. ನಿನಗ ಗುರುತಾ ಇತ್ತಲ್ಲ ದಾನವ್ವಾ."