ಹೊಸ ಬೀಗರ ಬ್ಯಾನರ್

"ಸಾಹೇಬ್ರು ಶಲವಡಿಗೆ ಪ್ರಚಾರಕ್ಕ ಬರಾಕತ್ತಾರ, ಬ್ಯಾನರ್ ಇಪ್ಪತ್ತು ಫೂಟು ಇರ್ಲಿ. ಕೆಳಗ ನಮ್ಮ ಹುಡುಗರ ಫೋಟೋ ಸಾಲಾಗಿ ಹಾಕ್ಬೇಕ್ ನೋಡವಾ, ಹೋದ ಸಲದಂಗ," ಎಂದ ಶಾಸಕ ಈರಬಸಪ್ಪನ ಆಪ್ತ.

ಅಣ್ಣಿಗೇರಿಯ ಬ್ಯಾನರ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಸೌಂದರ್ಯಾ ಹೋದ ಸಲದ್ದನ್ನು ಮರೆತಿರಲಿಲ್ಲ.

ಐದು ವರ್ಷದ ಹಿಂದಿನ ಚುನಾವಣೆಯಲ್ಲಿ, ಶಲವಡಿಯ ಬಸ್ ನಿಲ್ದಾಣದ ಕಂಬದ ಮೇಲೆ ಯಾರ ಬಾವುಟ ಹಾರಬೇಕೆಂದು ಹುಡುಗರು ಬಡಿದಾಡಿಕೊಂಡರು. ಅವಳ ತಮ್ಮ ಸಂಗನಬಸವ ಈರಬಸಪ್ಪನ ಕಡೆ, ಅದೇ ಊರಿನ ಹನುಮೇಶ ಎದುರು ಪಕ್ಷದ ಅಡಿವೆಪ್ಪನ ಕಡೆ. ನಾಯಕರಿಬ್ಬರೂ ತಮ್ಮ ತಮ್ಮವರಿಂದ ದೂರು ಕೊಡಿಸಿದರು. ಹನ್ನೊಂದು ಹುಡುಗರ ಮೇಲೆ ಕೇಸಾಯಿತು. ಸಂಗನಬಸವ ಪೊಲೀಸ್ ಪರೀಕ್ಷೆಯಲ್ಲಿ ಪಾಸಾದರೂ ಕೇಸಿನ ಕಾರಣಕ್ಕೆ ಕೆಲಸ ತಪ್ಪಿತು. ರಾಜಿ ಮಾಡಿಸಿರೆಂದು ಅವಳು ಮನೆ ಬಾಗಿಲಿಗೆ ಹೋದಾಗ ಈರಬಸಪ್ಪ ನಕ್ಕಿದ್ದ.

"ಇರ್ಲಿ ಬಿಡವಾ. ಕೇಸಿದ್ರ ಹುಡುಗ್ರು ಹೇಳಿದಂಗ ಕೇಳ್ತಾವ."

ಈಗ ಅವನ ಮಗಳಿಗೂ ಅಡಿವೆಪ್ಪನ ಮಗನಿಗೂ ನಿಶ್ಚಿತಾರ್ಥವಾಗಿತ್ತು. ಬೀಗರಿಬ್ಬರೂ ಅಪ್ಪಿಕೊಂಡ ಫೋಟೋ ಮೊಬೈಲಿಗೆ ಬಂದ ದಿನವೇ ಸಂಗನಬಸವ, ಹನುಮೇಶ ಒಂದೇ ಬೈಕಿನಲ್ಲಿ ನವಲಗುಂದದ ಕೋರ್ಟಿಗೆ ಹೋಗಿದ್ದರು. ಅಂದಿನ ಬಡಿದಾಟದ ಪೆಟ್ಟಿಗೆ ಹನುಮೇಶನ ಎಡಗೈ ಬೆರಳು ಇಂದಿಗೂ ಮಡಚುವುದಿಲ್ಲ. ಹೋಟೆಲಿನಲ್ಲಿ ಅವನ ಬನ್ನು ಮುರಿದು ಚಹಾದಲ್ಲಿ ಅದ್ದಿ ಕೊಡುವವನು, ಆ ಪೆಟ್ಟು ಕೊಟ್ಟ ಸಂಗನಬಸವನೇ.

ಸೌಂದರ್ಯಾ ಆ ಅಪ್ಪುಗೆಯ ಫೋಟೋವನ್ನೇ ದೊಡ್ಡದು ಮಾಡಿದಳು. ಪರದೆ ನೋಡಿದ ಮಾಲೀಕ ಜಾಕೀರ್ ಕಾಕಾ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ.

"ಮೂಲಿಯೊಳಗ ನಿನ್ನ ಹೆಸರು ಹಾಕಬ್ಯಾಡ ಬೇಟಾ. ಅಂಗಡಿ ಹೆಸರಷ್ಟ ಹಾಕು," ಎಂದು ಹೇಳಿ, ಮಷಿನ್ನಿಗೆ ತಾನೇ ಶಾಯಿ ತುಂಬಿದ.

ಆ ಹನ್ನೊಂದು ಹುಡುಗರೇ ಬ್ಯಾನರ್ ಒಯ್ದು ಬಸ್ ನಿಲ್ದಾಣದ ಅದೇ ಕಂಬಕ್ಕೆ ಕಟ್ಟಿದರು. ಶಾಸಕರ ಕಾರು ಕಂಡ ಮೇಲೆಯೇ ಸುರುಳಿ ಬಿಚ್ಚಿದರು. ಆರತಿ ಹಿಡಿದು ನಿಂತಿದ್ದ ಹೆಂಗಸರು ತಲೆಯೆತ್ತಿ ಓದಿದರು.

"ಹೊಸ ಬೀಗರಿಗೆ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು: ಕೇಸಿನ ಆರೋಪಿಗಳು, ಒಂದರಿಂದ ಹನ್ನೊಂದು."

ಕೆಳಗೆ ಹನ್ನೊಂದು ಮುಖ. ಯಾರೋ ಕಿಸಕ್ಕೆಂದರು. ಮುದುಕಿ ಮಲ್ಲಕ್ಕ ಆರತಿಯ ದೀಪವನ್ನು ಊದಿ ಆರಿಸಿದಳು.

"ಇಳಸ್ರಿಲೇ ಅದನ್ನ!" ಈರಬಸಪ್ಪ ಕೂಗಿದ. ಒಬ್ಬ ಹುಡುಗನೂ ಅಲುಗಲಿಲ್ಲ. "ಆ ಜಾಕೀರನ ಅಂಗಡಿಗೆ ಬೀಗಾನ ಹಾಕಸ್ತೀನಿ!"

ಸೌಂದರ್ಯಾ ಮುಂದೆ ಬಂದಳು. "ಮಾಡಿದಾಕಿ ನಾನ್ರಿ. ಹೋದ ಸಲದಂಗ ಹುಡುಗರ ಫೋಟೋ ಹಾಕೀನಿ. ಅಳತಿ ಬರೋಬ್ಬರಿ ಐತಿಲ್ರಿ?"

"ಏನ್ ಬೇಕಾಗೇತಿ ನಿನಗ? ಕೇಸ್ ರಾಜಿ ಮಾಡಸ್ಲೇನು?"

ಸೌಂದರ್ಯಾ ತಮ್ಮನ ಕಡೆ ನೋಡಿದಳು. ಐದು ವರ್ಷ ಕಾದ ಮಾತು ಅದು. ಸಂಗನಬಸವನೇ ಉತ್ತರ ಕೊಟ್ಟ.

"ಮಾಡಸ್ರಿ, ಬಿಡ್ರಿ, ನಿಮಗ ಸೇರಿದ್ದು. ನನ್ನ ವಯಸ್ಸು ಮೀರಿತ್ರಿ, ಇನ್ನ ಪೊಲೀಸ್ ಆಗೂದಿಲ್ಲ. ವೋಟಿನ ದಿನಾ ಹನ್ನೊಂದೂ ಮಂದಿ ಬರ್ತೀವಿ, ನಮ್ಮ ಓಣಿ ಹುಡುಗ್ರನ್ನೂ ಕರ್ಕೊಂಡ ಬರ್ತೀವಿ. ನಿಮಗೂ ಇಲ್ಲ, ನಿಮ್ಮ ಬೀಗರಿಗೂ ಇಲ್ಲ. ಕಟ್ಟಕಡೇ ನೋಟಾ ಗುಂಡಿ ಒತ್ತತೀವಿ."

ಕೊನೆಗೆ ಶಾಸಕರ ಡ್ರೈವರನೇ ಕಂಬ ಹತ್ತಬೇಕಾಯಿತು. ಹನುಮೇಶ ಹಗ್ಗವನ್ನು ಬಿಗಿಯಾಗಿ ಗಂಟು ಹಾಕಿದ್ದ, ಒಂದೇ ಕೈಯಲ್ಲಿ. ಅದನ್ನು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಈರಬಸಪ್ಪ ಬಿಸಿಲಲ್ಲಿ ನಿಂತಿದ್ದ, ಊರೆಲ್ಲ ನೋಡುತ್ತಿತ್ತು.